ಕೂಡಿ ನೆಲೆ ಕಟ್ಟುವ ಆಟ: ಸಂಗ್ರಹದ ಕಟ್ಟಳೆಯ ವಿಚಾರ

ಆಟವೆಂದರೆ ಹೊತ್ತು ಕಳೆಯುವ ಸಾಧನವೆಂದು ತಿಳಿದು ಅದನ್ನು ವಿಮರ್ಶೆಯ ಕಕ್ಷೆಯಿಂದ ಹೊರಗಿಡುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕಾವ್ಯಕ್ಕೆ ಮೀಮಾಂಸೆಯುಂಟು, ನಾಟಕಕ್ಕೆ ಲಕ್ಷಣಗ್ರಂಥವುಂಟು. ಆಟಕ್ಕೆ ಮಾತ್ರ ಅಂಥ ಗೌರವ ಸಂದಿಲ್ಲ. ಆದರೆ ಕೇವಲ ಕಟ್ಟಳೆಗಳಿಂದಲೇ ರಚಿತವಾದ ಕೃತಿ ಆಟವಲ್ಲದೆ ಮತ್ತೊಂದಿಲ್ಲ. ಕಾದಂಬರಿಕಾರನು ತನ್ನ ಲೋಕದ ನ್ಯಾಯಾನ್ಯಾಯಗಳನ್ನು ಪಾತ್ರಗಳ ಮಾತಿನಲ್ಲಿ ಮರೆಸಿಡಬಲ್ಲನು. ಆಟದ ಕರ್ತೃವಿಗೆ ಆ ಸೌಕರ್ಯವಿಲ್ಲ. ಯಾರು ಎಲ್ಲಿಂದ ಎಷ್ಟು ತೆಗೆಯಬಹುದು, ತೆಗೆದದ್ದು ಯಾರ ಪಾಲಿಗೆ ಸೇರುತ್ತದೆ, ತೆಗೆದ ಜಾಗ ಮುಂದೆ ಏನಾಗುತ್ತದೆ ಎಂಬುದನ್ನೆಲ್ಲ ಅವನು ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು ಪೆಟ್ಟಿಗೆಯೊಳಗೆ ಇಡಲೇಬೇಕು. ಹೊಸ ನೆಲವೊಂದರಲ್ಲಿ ಊರು ಕಟ್ಟುವ ಆಟಗಳಲ್ಲಂತೂ ಈ ಹಾಳೆ ಒಂದು ಸಮಾಜದ ಆಯವ್ಯಯ ಪತ್ರವೇ ಸರಿ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಮನೆಗಳಲ್ಲಿ ಇಂದು ಎರಡು ಬಗೆಯ ಮಣೆಗಳು ಕಾಣಸಿಗುತ್ತವೆ. ಅಟ್ಟದ ಮೇಲೆ ಊರಿನಿಂದ ತಂದ ಚೆನ್ನೆಮಣೆ, ಮಕ್ಕಳ ಕಪಾಟಿನಲ್ಲಿ ಜರ್ಮನಿಯಿಂದಲೋ ಅಮೆರಿಕೆಯಿಂದಲೋ ಹೊರಟುಬಂದ ಪೆಟ್ಟಿಗೆಯಾಟ. ಎರಡರ ತಿರುಳೂ ಸಂಗ್ರಹವೇ. ಇವೆರಡನ್ನು ಎದುರುಬದುರು ಇಟ್ಟು ನೋಡಿದರೆ, ಕೂಡಿ ನೆಲೆ ಕಟ್ಟುವ ಆಟವೊಂದಕ್ಕೆ ಎಂಥ ಕಟ್ಟಳೆ ಬೇಕೆಂಬ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದುನಿಲ್ಲುತ್ತದೆ. ಈ ನಾಲ್ಕು ನಗರಗಳ ನಿವಾಸಿಗಳಿಗೆ ಅದು ಬರಿಯ ಆಟದ ಪ್ರಶ್ನೆಯಾಗಿ ಉಳಿಯುವುದೂ ಇಲ್ಲ.

ಪೆಟ್ಟಿಗೆಯಾಟಗಳ ಪೈಕಿ ಮೊದಲು ಹೆಸರಿಸಬೇಕಾದದ್ದು 1995ರಲ್ಲಿ ಜರ್ಮನಿಯಲ್ಲಿ ಪ್ರಕಟವಾದ 'ಕಟಾನ್'. ಇದರ ಕರ್ತೃ ಕ್ಲಾಸ್ ಟಾಯ್ಬರ್ ವೃತ್ತಿಯಿಂದ ಕೃತಕ ದಂತಗಳನ್ನು ತಯಾರಿಸುವವನಾಗಿದ್ದನು, 2023ರಲ್ಲಿ ತೀರಿಕೊಂಡನು. ಹತ್ತೊಂಬತ್ತು ಷಟ್ಕೋನಗಳಿಂದ ಕೂಡಿದ ಒಂದು ದ್ವೀಪ. ಕಾಡು ಮರವನ್ನು ಕೊಡುತ್ತದೆ, ಹೊಲ ಧಾನ್ಯವನ್ನು, ಹುಲ್ಲುಗಾವಲು ಉಣ್ಣೆಯನ್ನು, ಗುಡ್ಡ ಇಟ್ಟಿಗೆಯನ್ನು, ಪರ್ವತ ಅದಿರನ್ನು. ಒಂದು ಮರುಭೂಮಿ ಏನನ್ನೂ ಕೊಡುವುದಿಲ್ಲ. ಎರಡು ದಾಳಗಳ ಮೊತ್ತ ಯಾವ ಷಟ್ಕೋನದ ಅಂಕಿಗೆ ಹೊಂದುತ್ತದೆಯೋ ಅದರ ಅಂಚಿನಲ್ಲಿ ಮನೆ ಕಟ್ಟಿದವರೆಲ್ಲ ಅಲ್ಲಿಯ ಪದಾರ್ಥವನ್ನು ಪಡೆಯುತ್ತಾರೆ. ಮನೆ ನಗರವಾದರೆ ಒಂದರ ಬದಲು ಎರಡು. ಮೊತ್ತ 7 ಬಿದ್ದಾಗ ಕೈಯಲ್ಲಿ ಏಳಕ್ಕಿಂತ ಹೆಚ್ಚು ಕಾರ್ಡುಗಳುಳ್ಳವನು ಅರ್ಧವನ್ನು ಹಿಂದಕ್ಕೆ ಒಪ್ಪಿಸಬೇಕು. ಕಟ್ಟಳೆ ಸರಳ, ಆಟ ರೋಚಕ. ಪರಸ್ಪರ ವಿನಿಮಯಕ್ಕೆ ಇಲ್ಲಿ ದೊರೆತಿರುವ ಸ್ಥಾನವನ್ನು ಮೆಚ್ಚದವರಿಲ್ಲ. ಇಟ್ಟಿಗೆಯುಳ್ಳವನು ಧಾನ್ಯವುಳ್ಳವನನ್ನು ಪ್ರತಿ ಸುತ್ತಿನಲ್ಲಿಯೂ ಮಾತನಾಡಿಸಲೇಬೇಕಾಗುತ್ತದೆ.

ಹೀಗಿದ್ದರೂ ಒಂದು ಸಂಗತಿ ಮನಸ್ಸಿಗೆ ನಾಟದೆ ಇರದು. ಈ ದ್ವೀಪದಲ್ಲಿ ಕಾಡು ಎಷ್ಟು ಕಡಿದರೂ ಕಾಡೇ. ಅರವತ್ತನೆಯ ಸುತ್ತಿನಲ್ಲಿಯೂ ಅದು ಮೊದಲ ಸುತ್ತಿನಷ್ಟೇ ಮರವನ್ನು ಕೊಡುತ್ತದೆ. ಬಗೆಯೊಂದಕ್ಕೆ 19ರಂತೆ ಒಟ್ಟು 95 ಪದಾರ್ಥದ ಕಾರ್ಡುಗಳಿವೆ. ಬ್ಯಾಂಕಿನಲ್ಲಿ ಒಂದು ಬಗೆಯ ಕಾರ್ಡು ಸಾಲದೆ ಬಂದು ಅದನ್ನು ಪಡೆಯಬೇಕಾದವರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆ ಆ ಸುತ್ತಿನಲ್ಲಿ ಅದು ಯಾರಿಗೂ ಇಲ್ಲ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ಸ್ವಾರಸ್ಯದ ಕಟ್ಟಳೆ. ಏಕೆಂದರೆ ಆ ಕೊರತೆ ಕಾಡಿನದಲ್ಲ, ಬ್ಯಾಂಕಿನ ಕೈಶಿಲ್ಕಿನದು. ಯಾರಾದರೂ ಮರವನ್ನು ಖರ್ಚು ಮಾಡಿದ ಕೂಡಲೆ ಶಿಲ್ಕು ಮತ್ತೆ ತುಂಬಿಬಿಡುತ್ತದೆ. ಭೂಮಿ ಎಂದೂ ಬಡವಾಗದ ಲೋಕದಲ್ಲಿ ಜಿಪುಣತನಕ್ಕೂ ದುಂದಿಗೂ ಭೇದವಿರುವುದಿಲ್ಲ. ಇನ್ನೊಂದು ಮಾತು: ದ್ವೀಪ ನಿರ್ಜನವೆಂದು ಆಟ ಗ್ರಹಿಸಿಕೊಂಡಿದೆ. ಅದನ್ನು ಎಲ್ಲಿಯೂ ಹೇಳುವುದಿಲ್ಲ. ಹೇಳಬೇಕೆಂದು ಕರ್ತೃವಿಗೆ ತೋರಿಯೂ ಇಲ್ಲ.

ಕಟಾನ್‌ನಲ್ಲಿ ಗೆಲ್ಲುವವನು ಒಬ್ಬನೇ. ಎಲ್ಲರೂ ಕೂಡಿ ಗೆಲ್ಲುವ ಇಲ್ಲವೆ ಕೂಡಿ ಸೋಲುವ ಆಟಗಳಿಗೆ ಪ್ರಚಾರ ದೊರೆತದ್ದು ಈ ಶತಮಾನದಲ್ಲಿ. ಪೋಲೆಂಡಿನ ಕರ್ತೃವೊಬ್ಬನು 2012ರಲ್ಲಿ ರಚಿಸಿದ 'ರಾಬಿನ್ಸನ್ ಕ್ರೂಸೋ' ಅವುಗಳಲ್ಲಿ ಗಮನಾರ್ಹವಾದದ್ದು. ಹಡಗು ಒಡೆದು ದಡ ಸೇರಿದವರು ಬಿಡಾರ ಕಟ್ಟಿ ಬದುಕಬೇಕು. ಮರವೂ ಆಹಾರವೂ ಎಲ್ಲರಿಗೂ ಸೇರಿದ ಒಂದೇ ರಾಶಿ. ಸಂಗ್ರಹಕ್ಕೆ ಹೋಗುವವನು ತನ್ನ ಎರಡೂ ಕಾಯಿಗಳನ್ನು ಆ ಕೆಲಸಕ್ಕೆ ಇಟ್ಟರೆ ಹತ್ತಿರದ ನೆಲದಿಂದ ಖಂಡಿತವಾಗಿ ತರುತ್ತಾನೆ. ಒಂದನ್ನೇ ಇಟ್ಟರೆ ದಾಳ ಹಾಕಿ ಗಂಡಾಂತರವನ್ನು ಎದುರಿಸಬೇಕು. ಕಾಪಿಡುವ ವ್ಯವಸ್ಥೆಯಿಲ್ಲದಿದ್ದರೆ ರಾತ್ರಿ ಉಳಿದ ಆಹಾರ ಕೆಟ್ಟುಹೋಗುತ್ತದೆ, ಉಣ್ಣದವನು ಗಾಯಗೊಳ್ಳುತ್ತಾನೆ. ದುಡಿಮೆಗೆ ಬೆಲೆ ಕಟ್ಟಿದ ಈ ಕಟ್ಟಳೆ ಕಟಾನ್‌ನ ದಾಳಕ್ಕಿಂತ ಎಷ್ಟೋ ಮೇಲಾದುದು. ಕೂಡಿಡಲು ಬಾರದ ಪದಾರ್ಥವೊಂದಿದೆಯೆಂಬುದನ್ನು ಅದು ಕಂಡುಕೊಂಡಿರುವುದೂ ದೊಡ್ಡ ಮಾತೇ.

ಆದರೆ ರಾಶಿ ಒಂದೇ ಆದಾಗ ಬೇರೊಂದು ದೋಷ ತಲೆದೋರುತ್ತದೆ. ಆಟ ಬಲ್ಲವನೊಬ್ಬನು ಮಣೆಯ ಮೇಲೆ ಬಾಗಿ, ನೀನು ಇಲ್ಲಿ ಹೋಗು, ನೀನು ಅದನ್ನು ತಾ ಎಂದು ಅಪ್ಪಣೆ ಮಾಡತೊಡಗುತ್ತಾನೆ. ನಾಲ್ವರ ಆಟ ಒಬ್ಬ ಮ್ಯಾನೇಜರನ ಮತ್ತು ಮೂವರು ಗುಮಾಸ್ತರ ಕಚೇರಿಯಾಗುತ್ತದೆ. ಸಂಘಸಂಸ್ಥೆಗಳ ಕಾರ್ಯಕಾರಿ ಸಮಿತಿಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೂಡಿ ಆಡುವುದೆಂದರೆ ಒಂದೇ ಬುದ್ಧಿಯಿಂದ ಆಡುವುದಲ್ಲವಷ್ಟೆ. ಸ್ವಂತದ ಕೊರತೆಯೇ ಇಲ್ಲದವನಿಗೆ ಸ್ವಂತದ ಮಾತೂ ಇರುವುದಿಲ್ಲ. ಆದಕಾರಣ ಕೂಟದ ಆಟದಲ್ಲಿಯೂ ಒಬ್ಬೊಬ್ಬನಿಗೆ ತನ್ನದೇ ಆದ ಹಸಿವು ಬೇಕು. ಆ ಹಸಿವು ಪರರ ಹಸಿವಿಗೆ ಉತ್ತರ ಹೇಳುವಂತೆಯೂ ಇರಬೇಕು.

ಇಲ್ಲಿ ಚೆನ್ನೆಮಣೆಯನ್ನು ಕೆಳಗಿಳಿಸಿ ನೋಡುವುದು ಉಚಿತ. ಘಟ್ಟದ ಮೇಲೆ ಇದನ್ನೇ ಅಳಗುಳಿಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳು ಕುಳಿ, ಕುಳಿಗೆ ನಾಲ್ಕರಂತೆ ಒಟ್ಟು 56 ಕಾಯಿ. ಊರೂರಿಗೆ ಆಡುವ ಬಗೆ ಬೇರೆ. ಸಾಮಾನ್ಯವಾದ ಕ್ರಮದಲ್ಲಿ ಆಟಗಾರನು ತನ್ನ ಕಡೆಯ ಒಂದು ಕುಳಿಯನ್ನು ಬರಿದುಮಾಡಿ, ಮುಂದಿನ ಕುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುತ್ತಾನೆ; ಕೈ ಬರಿದಾದಾಗ ಮುಂದಿನ ಕುಳಿಯನ್ನೆತ್ತಿ ಮತ್ತೆ ಬಿತ್ತುತ್ತಾನೆ; ಬರಿದಾದ ಕುಳಿ ಎದುರಾದರೆ ಅದರಾಚೆಯ ಕುಳಿಯಲ್ಲಿದ್ದದ್ದು ಅವನಿಗೆ ದಕ್ಕುತ್ತದೆ. ಎದುರಾಳಿಯ ಸಾಲಿನಲ್ಲಿಯೂ ಬಿತ್ತದೆ ಇಲ್ಲಿ ಯಾರೂ ಏನನ್ನೂ ಪಡೆಯಲಾರರು. ಹೊರಗಿನಿಂದ ಒಂದು ಕಾಯಿಯೂ ಬರುವುದಿಲ್ಲ. 56 ಎಂದೆಂದಿಗೂ 56. ಒಬ್ಬನ ಜಮೆ ಇನ್ನೊಬ್ಬನ ಖರ್ಚು ಎಂಬ ಇಬ್ಬಗೆಯ ನಮೂದಿನ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ್ಯಪುಸ್ತಕವಿಲ್ಲ.

ಹಾಗೆಂದು ಚೆನ್ನೆಯನ್ನು ಸಹಕಾರದ ಆದರ್ಶವೆಂದು ಹೊಗಳುವುದು ಸಲ್ಲದು. ಅದು ಸ್ಪರ್ಧೆಯ ಆಟ, ಕೆಲವೊಮ್ಮೆ ಕ್ರೂರವಾದ ಸ್ಪರ್ಧೆ. ಸೋತವನು ತುಂಬಲಾರದ ಕುಳಿಗಳು ಮುಂದಿನ ಆಟದಲ್ಲಿ ಅವನ ಪಾಲಿಗಿಲ್ಲ. ಬಡವನು ಇನ್ನಷ್ಟು ಬಡವನಾಗುತ್ತ ಹೋಗುತ್ತಾನೆ. ತುಳುನಾಡಿನ ಜನಪದ ಇದನ್ನು ಮರೆತಿಲ್ಲ. ಸಿರಿಯ ಕಥೆಯಲ್ಲಿ, ಅವಳ ಮಗಳು ಸೊನ್ನೆಯ ಅವಳಿ ಹೆಣ್ಣುಮಕ್ಕಳಾದ ಅಬ್ಬಗ ದಾರಗರು ಚೆನ್ನೆಯಾಡುತ್ತ ಕುಳಿತವರು ಜಗಳಕ್ಕೆ ಬಿದ್ದು, ಅದೇ ಮಣೆಯ ಪೆಟ್ಟಿಗೆ ಒಬ್ಬಳು ಸಾಯುತ್ತಾಳೆ, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದಂದಿನಿಂದ ಈ ಕಥೆ ಹೊರನಾಡಿನ ವಿದ್ವಾಂಸರಿಗೂ ಪರಿಚಿತವಾಗಿದೆ. ಅಕ್ಕತಂಗಿಯರು ಚೆನ್ನೆಯಾಡಬಾರದೆಂಬ ನಂಬಿಕೆಯನ್ನು ಮುಂಬಯಿಯ ಎಷ್ಟೋ ಮನೆಗಳ ಹಿರಿಯ ಹೆಂಗಸರು ಇಂದಿಗೂ ಹೇಳುತ್ತಾರೆ. ಸಂಗ್ರಹದ ಕಟ್ಟಳೆಯ ಬಗೆಗೆ ಕನ್ನಡ ತುಳು ನಾಡುಗಳಲ್ಲಿ ಹುಟ್ಟಿದ ಅತ್ಯಂತ ತೀಕ್ಷ್ಣವಾದ ವಿಮರ್ಶೆ ಪ್ರಾಯಶಃ ಇದೇ ಇರಬೇಕು.

ಮಣೆಯಿಂದ ಹೊರಗೆ ಬಂದರೆ, ನಿಜವಾಗಿ ನೆಲೆ ಕಟ್ಟಿದ ಜನರು ಮಾಡಿಕೊಂಡ ಸಂಗ್ರಹದ ಕಟ್ಟಳೆಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ಆಟದ ಕರ್ತೃಗಳು ಇವನ್ನು ನೋಡದಿರುವುದು ಸೋಜಿಗ. ಶಿರಸಿ ಸಿದ್ದಾಪುರಗಳ ಸೊಪ್ಪಿನ ಬೆಟ್ಟವನ್ನೇ ತೆಗೆದುಕೊಳ್ಳಬಹುದು. ಅಡಕೆ ತೋಟದ ಎಕರೆಯೊಂದಕ್ಕೆ ಒಂಬತ್ತು ಎಕರೆಯವರೆಗೆ ಕಾಡಿನಿಂದ ಸೊಪ್ಪು ತರುವ ಹಕ್ಕು. ಭೂಮಿಯ ಒಡೆತನ ಸರಕಾರದ್ದು, ಸೊಪ್ಪು ತೋಟದ ಗೊಬ್ಬರಕ್ಕಾಗಿ. ತಂದದ್ದನ್ನು ಮಾರಿ ಹಣ ಮಾಡಿಕೊಳ್ಳುವ ಸರಕಲ್ಲ ಅದು. ವಿನಿಮಯಕ್ಕೆ ಒಳಪಡದ ಪದಾರ್ಥವೆಂಬ ಈ ಕಲ್ಪನೆ ಆಟಕ್ಕೆ ಬಹಳ ಬೆಲೆಯುಳ್ಳದ್ದು. ಆದರೆ ತೋಟವಿದ್ದವನಿಗಷ್ಟೇ ಬೆಟ್ಟ. ತೋಟ ದೊಡ್ಡದಾದಷ್ಟೂ ಬೆಟ್ಟವೂ ದೊಡ್ಡದು. ತೋಟವಿಲ್ಲದ ಕೂಲಿಯವನಿಗೆ ಏನೂ ಇಲ್ಲ. ಕಟಾನ್‌ನಲ್ಲಿ ನಗರಕ್ಕೆ ಇಮ್ಮಡಿ ಕೊಡುವ ಕಟ್ಟಳೆಗೂ ಇದಕ್ಕೂ ಈ ವಿಷಯದಲ್ಲಿ ವ್ಯತ್ಯಾಸ ತೀರ ಕಡಿಮೆ. ಹಲವು ಕಡೆ ಬೆಟ್ಟಗಳು ಬೋಳಾಗಿರುವುದೂ ಉಂಟು. ನಮ್ಮದೆಂಬ ಒಂದೇ ಕಾರಣಕ್ಕೆ ಅದನ್ನು ಹಾಗೆಯೇ ಎತ್ತಿಕೊಳ್ಳಲಾಗದು.

ಅದಕ್ಕಿಂತ ಹೆಚ್ಚು ಪ್ರಯೋಜನಕರವಾದದ್ದು ಕುಮಟಾ ತಾಲೂಕಿನ ಗಜನಿ. ಅಘನಾಶಿನಿಯ ಅಳಿವೆಯಲ್ಲಿ ಮಾಣಿಕಟ್ಟಾ ಮೊದಲಾದ ಊರುಗಳ ರೈತರು ಉಪ್ಪುನೀರಿಗೆ ಒಡ್ಡು ಕಟ್ಟಿ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತ ಬಂದರು. ಮಳೆನೀರು ಮಣ್ಣಿನ ಉಪ್ಪನ್ನು ತೊಳೆಯುವ ಕೆಲವು ತಿಂಗಳು ಅದು ಗದ್ದೆ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನಿಲ್ಲಿಸಿ, ತೂಬು ತೆರೆದು ಭರತದ ನೀರನ್ನು ಒಳಗೆ ಬಿಟ್ಟರೆ ಅದೇ ನೆಲ ಮೀನು ಸೀಗಡಿಗಳ ಮನೆ. ಒಂದೇ ಷಟ್ಕೋನ ಋತುವಿಗೆ ತಕ್ಕಂತೆ ಎರಡು ಪದಾರ್ಥಗಳನ್ನು ಕೊಡುತ್ತದೆ, ಒಂದರ ಉಳಿಕೆ ಇನ್ನೊಂದರ ಆಹಾರ. ಇನ್ನೂ ಮುಖ್ಯವಾದದ್ದು ಒಡ್ಡು. ಅದು ಎಲ್ಲಿ ಒಡೆದರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಆದುದರಿಂದ ಕೊಯ್ಲಿಗೆ ಮುಂಚೆ ಒಡ್ಡಿನ ಕೆಲಸ. ಪಾಲಿಗೆ ಮೊದಲು ಪಾಲನೆ ಎಂಬುದು ಅಲ್ಲಿ ಉಪದೇಶದಿಂದ ಬಂದದ್ದಲ್ಲ, ಭರತ ಇಳಿತಗಳ ಗತಿಯಿಂದ ಬಂದದ್ದು. 1970ರ ದಶಕದಲ್ಲಿ ಸರಕಾರ ಶಾಶ್ವತ ಒಡ್ಡುಗಳನ್ನು ಕಟ್ಟಿದ ಮೇಲೆ ವರ್ಷವರ್ಷವೂ ಕೂಡಿ ಮಣ್ಣು ಹಾಕುವ ಅಗತ್ಯ ತಗ್ಗಿತು, ಸೀಗಡಿಯ ಲಾಭ ಕಣ್ಣಿಗೆ ಬಿತ್ತು, ಅನೇಕ ಗಜನಿಗಳಲ್ಲಿ ಭತ್ತವೇ ನಿಂತುಹೋಯಿತು. ಸಂಗ್ರಹವನ್ನು ದುಡಿಮೆಯಿಂದ ಬೇರ್ಪಡಿಸಿದರೆ ಕೂಟಕ್ಕೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಅಪ್ಪಣೆ ಮಾಡುವ ಆಟಗಾರನ ದೋಷಕ್ಕೆ ಪರಿಹಾರವನ್ನು ಹಳೆಯ ಮೈಸೂರಿನ ಕೆರೆಗಳ ಏರಿಯ ಮೇಲೆ ಹುಡುಕಬೇಕು. ಅಲ್ಲಿ ತೂಬು ತೆರೆಯುವವನೂ ಕಡೆಯ ಗದ್ದೆಯವರೆಗೆ ನೀರು ಮುಟ್ಟಿಸುವವನೂ ನೀರುಗಂಟಿ. ಗದ್ದೆಯವರು ತಾವೇ ತೂಬಿಗೆ ಕೈಹಾಕುವಂತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿಯೊಬ್ಬರ ಕಣದಿಂದಲೂ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಒಬ್ಬನ ಬೆಳೆ ಒಣಗಿದರೆ ಅವನ ಆಯದಲ್ಲಿಯೂ ಅಷ್ಟು ಖೋತಾ. ನೀರುಗಂಟಿಗಳಲ್ಲಿ ಬಹಳ ಮಂದಿ ದಲಿತ ಕುಟುಂಬದವರಾಗಿದ್ದರೆಂಬುದನ್ನೂ, ಆ ಅಧಿಕಾರದೊಂದಿಗೆ ಮರ್ಯಾದೆ ಬಂದಿರಲಿಲ್ಲವೆಂಬುದನ್ನೂ ಮರೆತು ಈ ಪದ್ಧತಿಯನ್ನು ವರ್ಣಿಸಿದರೆ ಅದು ಅರ್ಧಸತ್ಯವಾದೀತು. ಆದರೂ ಹಂಚುವವನು ಎಲ್ಲರಿಗಿಂತ ಕೊನೆಗೆ ಉಣ್ಣತಕ್ಕದ್ದೆಂಬ ಸೂತ್ರವನ್ನು ಆಟ ಇಲ್ಲಿಂದ ಪಡೆಯಬಹುದು. ಅಪ್ಪಣೆ ಮಾಡುವ ಚಪಲವುಳ್ಳವನು ಆ ಸುತ್ತಿನ ನೀರುಗಂಟಿಯಾಗಲಿ, ಹಂಚಿಕೆಯ ಮಾತು ಅವನದೇ ಇರಲಿ, ತನ್ನ ಪಾಲನ್ನು ಮಾತ್ರ ಕೊನೆಯಲ್ಲಿ ತೆಗೆಯಲಿ.

ಪಶ್ಚಿಮದ ವಿದ್ವಾಂಸರಲ್ಲಿ ಗ್ಯಾರೆಟ್ ಹಾರ್ಡಿನ್ 1968ರ ತನ್ನ ಪ್ರಸಿದ್ಧ ಲೇಖನದಲ್ಲಿ ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆಂದು ವಾದಿಸಿದನು. ಎಲಿನಾರ್ ಆಸ್ಟ್ರಮ್ 1990ರ ತನ್ನ ಗ್ರಂಥದಲ್ಲಿ, ಬಳಸುವವರು ತಾವೇ ಕಟ್ಟಳೆ ಮಾಡಿಕೊಂಡು ಶತಮಾನಗಳವರೆಗೆ ಉಳಿಸಿಕೊಂಡ ಕಾಲುವೆ ಹುಲ್ಲುಗಾವಲುಗಳನ್ನು ತೋರಿಸಿ ಆ ವಾದದ ಹುರುಳನ್ನು ಪರೀಕ್ಷಿಸಿದಳು. 2009ರಲ್ಲಿ ಅವಳಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಅವಳೂ ಅವಳ ಸಂಗಡಿಗರೂ ಈ ಪ್ರಶ್ನೆಯನ್ನು ಆಟದ ರೂಪದಲ್ಲಿಯೂ ಪ್ರಯೋಗಿಸಿ ನೋಡಿದರು: ಆಟಗಾರರಿಗೆ ಪರಸ್ಪರ ಮಾತನಾಡಲು ಬಿಟ್ಟಾಗ ಸಂಗ್ರಹ ಹೆಚ್ಚು ಹದಕ್ಕೆ ಬರುತ್ತಿತ್ತು. ಅದೇ ಜಾಡಿನಲ್ಲಿ 2010ರ ದಶಕದಲ್ಲಿ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಅಂತರ್ಜಲದ ಆಟವನ್ನು ಆಡಿಸಲಾಯಿತು. ಹೆಚ್ಚು ನೀರಿನ ಬೆಳೆಯೋ ಕಡಿಮೆ ನೀರಿನ ಬೆಳೆಯೋ ಎಂದು ರೈತರು ಮೊದಲು ಮಾತಿಲ್ಲದೆ, ಬಳಿಕ ಮಾತಾಡಿಕೊಂಡು ಆರಿಸಬೇಕು. ಕೂಡಿ ನೆಲೆ ಕಟ್ಟುವ ಆಟಕ್ಕೆ ನಮ್ಮ ನೆರೆಯಲ್ಲೇ ದೊರೆಯುವ ಉತ್ತಮ ಮಾದರಿ ಇದು. ಇದರಲ್ಲಿ ಆಟದ ನೆಲವೂ ಆಡುವವರ ನೆಲವೂ ಒಂದೇ.

ಠಾಣೆ ಖಾರಿಯ ಸುತ್ತಲಿನ ನಗರಗಳನ್ನು ಕುರಿತು ಇಂಥ ಆಟವೊಂದನ್ನು ರಚಿಸುವುದಾದರೆ ಮಣೆಯನ್ನು ಎಲ್ಲಿಂದ ಆರಂಭಿಸಬೇಕು? 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಬಂದ ದಿನದಿಂದಲೆ? 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲರು 'ಮಾರ್ಗ್' ಪತ್ರಿಕೆಯಲ್ಲಿ ಖಾರಿಯಾಚೆಯ ಹೊಸ ನಗರದ ಕಲ್ಪನೆಯನ್ನು ಮುಂದಿಟ್ಟಾಗಿನಿಂದಲೆ? 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, ಸುಮಾರು 344 ಚದರ ಕಿಲೋಮೀಟರ್ ಕ್ಷೇತ್ರ ಯೋಜನೆಯೊಳಗೆ ಬಂದಿತು. ಭೂಮಿಯನ್ನು ಕೊಂಡು, ಅಭಿವೃದ್ಧಿಪಡಿಸಿ, ಮಾರಿ, ಬಂದ ಹಣದಿಂದಲೇ ರಸ್ತೆ ನೀರು ನಿಲ್ದಾಣಗಳನ್ನು ಕಟ್ಟುವುದೆಂಬುದು ಆ ಯೋಜನೆಯ ಆರ್ಥಿಕ ತಳಹದಿ. ಅಂದರೆ ಈ ಆಟದಲ್ಲಿ ಮರ ಇಟ್ಟಿಗೆಗಳಿಗಿಂತ ಮೊದಲ ಪದಾರ್ಥ ನೆಲವೇ. ಆ ನೆಲ ಖಾಲಿಯಾಗಿರಲಿಲ್ಲ. ಅದು 95 ಹಳ್ಳಿಗಳದು (ಕಟಾನ್‌ನ ಕಾರ್ಡುಗಳ ಸಂಖ್ಯೆಯೂ ಅದೇ ಆಗಿರುವುದು ಕಾಕತಾಳೀಯ). ಆಗ್ರಿ ಮತ್ತು ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಆಗರ, ಮೀನಿನ ಹಳ್ಳಗಳದು. ಖಾರಿಯ ಒಡ್ಡಿನೊಳಗಿನ ಇಲ್ಲಿನ ಖಾರ ಜಮೀನಿಗೂ ಕುಮಟೆಯ ಗಜನಿಗೂ ಹುಟ್ಟಿನಲ್ಲಿ ಭೇದವಿಲ್ಲ. 1948ರಲ್ಲಿ ಮುಂಬಯಿ ಸರಕಾರ ಖಾರ ಜಮೀನುಗಳ ಕಾಯದೆಯನ್ನು ಮಾಡಿದಾಗ ಠಾಣೆ, ಕಾರವಾರಗಳೆರಡೂ ಅದೇ ಸರಕಾರದ ಜಿಲ್ಲೆಗಳಾಗಿದ್ದವು. ಠಾಣೆ ಖಾರಿ 2022ರಲ್ಲಿಯೂ ಅಘನಾಶಿನಿಯ ಅಳಿವೆ 2024ರಲ್ಲಿಯೂ ರಾಮ್‌ಸಾರ್ ಪಟ್ಟಿಯನ್ನು ಸೇರಿದವು. ಕುಮಟೆಯ ಕಡೆಯಿಂದ ಬಂದು ವಾಶಿ ನೆರೂಳಗಳಲ್ಲಿ ಮನೆ ಕೊಂಡವನು ಒಂದು ಗಜನಿಯನ್ನು ಬಿಟ್ಟು ಇನ್ನೊಂದರ ಮೇಲೆ ಬಂದು ನೆಲೆಸಿದ್ದಾನೆಂದರೆ ತಪ್ಪಾಗದು.

ಭೂಮಿಯ ಬೆಲೆಗಾಗಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ 1984ರ ಜನವರಿಯಲ್ಲಿ ಉರಣ ತಾಲೂಕಿನಲ್ಲಿ ನಡೆದ ಚಳವಳಿ, ಪೋಲೀಸರ ಗುಂಡಿಗೆ ಬಲಿಯಾದ ಐವರು, ಬಳಿಕ ಭೂಮಿ ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ನೆಲದಲ್ಲಿ 12.5 ಶೇಕಡ ಮರಳಿ ಕೊಡುವ ಯೋಜನೆ: ಇವು ಇಲ್ಲಿಯವರಿಗೆಲ್ಲ ತಿಳಿದ ಸಂಗತಿಗಳು. ಆಟದ ಭಾಷೆಯಲ್ಲಿ ಹೇಳುವುದಾದರೆ, ಸುತ್ತುಗಳು ಅರ್ಧ ಮುಗಿದ ಮೇಲೆ ಕಟ್ಟಳೆಯ ಪುಸ್ತಕಕ್ಕೆ ಒಂದು ಪುಟ ಅಂಟಿಸಲಾಯಿತು. ಪೆಟ್ಟಿಗೆಯಾಟಗಳಲ್ಲಿ ಮೂಲನಿವಾಸಿಗಳನ್ನು ಕಾಣಿಸುವ ಪ್ರಯತ್ನ ಇಲ್ಲದಿಲ್ಲ. 2017ರ 'ಸ್ಪಿರಿಟ್ ಐಲೆಂಡ್' ಎಂಬ ಆಟದಲ್ಲಿ ವಲಸೆಗಾರರೇ ಎದುರಾಳಿಗಳು, ದ್ವೀಪದ ಶಕ್ತಿಗಳು ಕೂಡಿ ಅವರನ್ನು ತಡೆಯುತ್ತವೆ. ಆದರೆ ಅಲ್ಲಿಯೂ ದ್ವೀಪದ ಜನರು ಮಣೆಯ ಮೇಲಿನ ಕಾಯಿಗಳಷ್ಟೆ, ಆಡುವವರು ದೇವತೆಗಳು. ಹಳ್ಳಿಯವನ ಕಾಯಿ ಆಟಗಾರನೊಬ್ಬನ ಕೈಯಲ್ಲಿರಬೇಕು, ಇಲ್ಲವೆನ್ನುವ ಅಧಿಕಾರವೂ ಆ ಕೈಗೆ ಬೇಕು. ಒಬ್ಬನು ಇಲ್ಲವೆಂದರೆ ಆಟವೇ ನಿಲ್ಲುವುದಿಲ್ಲವೆ ಎಂದು ಕೇಳುವವರಿದ್ದಾರೆ. ನಿಲ್ಲುವುದಿಲ್ಲ, ಇಕ್ಕಟ್ಟಾಗುತ್ತದೆ. ಅದನ್ನು ಚೆನ್ನೆಮಣೆಯ ಮೇಲೆಯೇ ಪರೀಕ್ಷಿಸಬಹುದು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳೆಂದು ನಾಲ್ವರು ಕುಳಿತುಕೊಳ್ಳಲಿ, ಐದನೆಯವನು ಹಳ್ಳಿಯವನು. ಹದಿನಾಲ್ಕು ಕುಳಿಗಳಲ್ಲಿಯೂ ನಾಲ್ಕು ನಾಲ್ಕು ಕಾಯಿ. ಕೊನೆಯ ಎರಡು ಕುಳಿಗಳು ಐದನೆಯವನವು, ಅವನು ಒಪ್ಪದೆ ಯಾರೂ ಅವನ್ನು ಮುಟ್ಟುವಂತಿಲ್ಲ. ಅವನು ಸುತ್ತಿಗೆ ಒಂದೊಂದರಿಂದ ಒಂದು ಕಾಯಿ ತೆಗೆದು ಬದುಕುತ್ತಾನೆ. ಉಳಿದ ಹನ್ನೆರಡು ಊರುಗಳಿಗೆ ಸಾಮಾನ್ಯ. ಪ್ರತಿ ಊರಿಗೂ ಸುತ್ತಿಗೆ ನಾಲ್ಕು ಕಾಯಿ ಬೇಕು. ಸುತ್ತಿನ ಕೊನೆಯಲ್ಲಿ, ಒಂದಾದರೂ ಕಾಯಿ ಉಳಿದ ಕುಳಿಗೆ ಮಳೆಯ ಲೆಕ್ಕದಲ್ಲಿ ಒಂದು ಕಾಯಿ ಮರಳುತ್ತದೆ, ನಾಲ್ಕನ್ನು ಮೀರದಂತೆ. ಪೂರ್ತಿ ಬರಿದಾದ ಕುಳಿಗೆ ಏನೂ ಮರಳುವುದಿಲ್ಲ, ಅದು ಮುಚ್ಚಿತು. ಸುತ್ತಿಗೊಬ್ಬರಂತೆ ನೀರುಗಂಟಿ, ಅವನ ಊರು ಕೊನೆಗೆ ತೆಗೆಯತಕ್ಕದ್ದು.

ಬೇಕಾದದ್ದು ಹದಿನಾರು, ಮರಳುವುದು ಹೆಚ್ಚೆಂದರೆ ಹನ್ನೆರಡು. ನಾಲ್ವರೂ ಒಂದೊಂದು ಕಾಯಿ ಕಡಿಮೆ ತೆಗೆದು, ಎಲ್ಲ ಕುಳಿಗಳಿಂದಲೂ ಒಂದೊಂದನ್ನೇ ಎತ್ತಿದರೆ ಆಟಕ್ಕೆ ಕೊನೆಯಿಲ್ಲ. ಕಡಿಮೆ ಮಾಡದೆ, ಆದರೆ ಮಾತಾಡಿಕೊಂಡು ಹರಡಿ ತೆಗೆದರೆ ಆರು ಸುತ್ತುಗಳವರೆಗೆ ಒಂದು ಕುಳಿಯೂ ಮುಚ್ಚುವುದಿಲ್ಲ, ಏಳನೆಯದರಲ್ಲಿ ಮುಚ್ಚತೊಡಗುತ್ತವೆ. ಮಾತಿಲ್ಲದೆ, ಅವರವರ ಕೈಗೆ ಹತ್ತಿರವಾದ ಒಂದೊಂದು ಕುಳಿಯನ್ನು ಪೂರ್ತಿ ಬಳಿದುಕೊಂಡರೆ ಮೂರೇ ಸುತ್ತಿಗೆ ಹನ್ನೆರಡೂ ಮುಗಿಯುತ್ತವೆ. ನಾಲ್ಕನೆಯ ಸುತ್ತಿನಲ್ಲಿ ನಾಲ್ಕು ಊರುಗಳೂ ಐದನೆಯವನ ಎರಡು ಕುಳಿಗಳ ಮುಂದೆ ಬಂದು ನಿಂತಿರುತ್ತವೆ.